ಧರ್ಮ ಓದಿದವರಿಗೆ ನೌಕರಿ



ನಮ್ಮ ಯಾದಗಿರಿ ಜಿಲ್ಲೆಯ ನೆಲ ನೋಡಿ. ಶಹಾಪುರದ ಹತ್ತಿರದ ಗೋಗಿಯಲ್ಲಿ ಸೂಫಿ ಸಂತ ಚಂದಾ ಹುಸೇನಿಯವರ ದರ್ಗಾದ ಬಳಿ ಬಿಜಾಪುರದ ಮೊದಲ ಆದಿಲ್‌ಶಾಹಿ ಸುಲ್ತಾನರ ಸಮಾಧಿಗಳಿವೆ. ಸುರಪುರ ಸೀಮೆಯ ಮುದನೂರು ವಚನಕಾರ ದಾಸಿಮಯ್ಯನ ಊರು. ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರನಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಇಲ್ಲಿಯ ಹುಡುಗಿಯೊಬ್ಬಳು ಧರ್ಮಗಳ ಅಧ್ಯಯನ ಮಾಡುತ್ತೇನೆಂದರೆ, ‘ನೌಕರಿ ಏನ್ ಸಿಗ್ತದವ್ವಾ?’ ಎಂದು ಮನೆಯವರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ.

ಸಂವಿಧಾನದ 28ನೇ ವಿಧಿಯಂತೆ, ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಗಳಲ್ಲಿ ಧರ್ಮಬೋಧನೆ ಇಲ್ಲ. ಹಾಗಾಗಿ ಅಲ್ಲಿ ಧರ್ಮಬೋಧಕರ ಹುದ್ದೆಯೂ ಇಲ್ಲ. ಆದರೆ ಧರ್ಮಗಳನ್ನು ವಿದ್ಯೆಯಾಗಿ ಓದಲು ಅಡ್ಡಿಯಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗವಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬಸವೇಶ್ವರ ಪೀಠವಿದೆ. ಕಾಲೇಜು ಅಧ್ಯಾಪಕರ ಅರ್ಹತೆಗೆ ನಡೆಯುವ ಯುಜಿಸಿ ನೆಟ್ ಪರೀಕ್ಷೆಯಲ್ಲಿ ಧರ್ಮಗಳ ತೌಲನಿಕ ಅಧ್ಯಯನವೂ ಒಂದು ವಿಷಯ.

ಅಧ್ಯಾಪಕರ ಹುದ್ದೆಗಳು ಕಡಿಮೆ. ಇದನ್ನು ಮಕ್ಕಳಿಂದ ಮುಚ್ಚಿಡಬಾರದು. ಇತಿಹಾಸದಲ್ಲೋ ಕನ್ನಡದಲ್ಲೋ ಎಂ.ಎ. ಮಾಡಿ, ಜೊತೆಗೆ ಪ್ರಾಕೃತ ಇಲ್ಲವೇ ಪರ್ಷಿಯನ್ ಕಲಿತರೆ ಶಾಸನ, ಹಸ್ತಪ್ರತಿ, ವಸ್ತುಸಂಗ್ರಹಾಲಯ, ಪ್ರವಾಸೋದ್ಯಮದ ಕಡೆಗೂ ದಾರಿ ತೆರೆಯುತ್ತದೆ. ಭೀಮಾ ತೀರದ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ ಅಶೋಕನ ಶಿಲ್ಪ ಸಿಕ್ಕಾಗ, ಅದರ ಮೇಲಿನ ಹೆಸರನ್ನು ಓದಿದ್ದು ಪ್ರಾಕೃತ ಬಲ್ಲವರು. ಆ ಓದು ನಮ್ಮ ಊರುಗಳ ಮಕ್ಕಳಿಗೂ ಬರಲಿ ಎಂಬುದು ನನ್ನ ಆಸೆ.