ಮಗುವಿಗೊಂದು ಎಲೆಕ್ಟ್ರಿಕ್ ಗಿಟಾರ್

ಕಳೆದ ಬೇಸಿಗೆಯಲ್ಲಿ ಮಾಗೋಡಿನ ನಮ್ಮ ನೆರೆಮನೆಯ ತೋಟಿಗರೊಬ್ಬರು ಸಂಜೆ ಹೊತ್ತು ಬಂದು ಜಗಲಿಯ ಮೇಲೆ ಕುಳಿತರು. "ಮಾಸ್ತರೇ, ಕೂಸಿಗೆ ಎಲೆಕ್ಟ್ರಿಕ್ ಗಿಟಾರ್ ಬೇಕಂತೆ. ಅಡಿಕೆ ಮಾರಿದ ದುಡ್ಡಿನಲ್ಲಿ 15,000 ರೂಪಾಯಿ ತೆಗೆದಿಟ್ಟಿದ್ದೇನೆ. ಯಾವುದನ್ನು ಕೊಳ್ಳಲಿ?" ಎಂದರು. ಕನ್ನಡ ಪಂಡಿತನನ್ನು ಕೇಳುವ ಪ್ರಶ್ನೆಯೆ ಇದು ಎನ್ನುವಿರಾ? ಈ ವಿಷಯದಲ್ಲಿ ನಾನು ಒಮ್ಮೆ ಕೈ ಸುಟ್ಟುಕೊಂಡವನು.

ಕೆಲವು ವರ್ಷಗಳ ಹಿಂದೆ ತಮ್ಮನ ಮಗನಿಗೆ ಅಗ್ಗದ ಬೆಲೆಯನ್ನೂ ಕೆಂಪು ಬಣ್ಣವನ್ನೂ ನೋಡಿ ಒಂದು ಗಿಟಾರ್ ಕೊಡಿಸಿದ್ದೆ. ಅದರ ತಂತಿಗಳು ದಂಡಿಯಿಂದ ಬಹಳ ಎತ್ತರದಲ್ಲಿದ್ದವು. ಒತ್ತಿ ಒತ್ತಿ ಹುಡುಗನ ಬೆರಳ ತುದಿಗಳಲ್ಲಿ ಗುಳ್ಳೆ ಎದ್ದವು. ಶ್ರದ್ಧೆಯಿಲ್ಲವೆಂದು ನಾನು ಅವನನ್ನೇ ಗದರಿದೆ. ಅವನು ಅದನ್ನು ಅಟ್ಟಕ್ಕೆ ಹಾಕಿದ. ಮತ್ತೆ ಯಾವ ವಾದ್ಯವನ್ನೂ ಮುಟ್ಟಲಿಲ್ಲ.

ವೀಣೆಗೆ ಬುರುಡೆ ಇರುವಂತೆ ಈ ಗಿಟಾರಿಗೆ ಟೊಳ್ಳಾದ ಒಡಲಿಲ್ಲ. ಸಾಮಾನ್ಯವಾಗಿ ಗಟ್ಟಿ ಹಲಗೆ. ತಂತಿಯ ಕೆಳಗೆ ಅಯಸ್ಕಾಂತವೂ ಅದರ ಸುತ್ತ ಕೂದಲಿನಂಥ ತಾಮ್ರದ ಸುರುಳಿಯೂ ಇರುತ್ತವೆ. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ತ್ವವೇ ಇದು. ಆ ವಿದ್ಯುತ್ತನ್ನು ಹಿಗ್ಗಿಸಿ ನಾದವಾಗಿಸುವುದು ಆಂಪ್ಲಿಫಯರ್. ಇದು ನಮ್ಮ ಸಂಗೀತಕ್ಕೆ ಒಗ್ಗದೆಂಬ ಹಿರಿಯರು ಯು. ಶ್ರೀನಿವಾಸರನ್ನು ನೆನೆಯಲಿ, ಐದು ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್ನಿನಲ್ಲಿ ಅವರು ಕರ್ನಾಟಕ ಸಂಗೀತವನ್ನೇ ನುಡಿಸಿದರು.

ಅಂಗಡಿಯಲ್ಲಿ ಹೆಸರಿಗಿಂತ ಮೊದಲು ಎತ್ತರ ನೋಡಿ. ಹನ್ನೆರಡನೆಯ ಮೆಟ್ಟಿಲಿನ ಬಳಿ ತಂತಿ ಸುಮಾರು 2 ಮಿಲಿಮೀಟರ್ ಮೇಲಿದ್ದರೆ ಸಾಕು. ಬಿಡಿತಂತಿಯನ್ನು ಷಡ್ಜವೆಂದು ಹಿಡಿದರೆ ಆ ಮೆಟ್ಟಿಲಿನಲ್ಲಿ ತಾರಷಡ್ಜ ಸರಿಯಾಗಿ ನುಡಿಯಬೇಕು. ಪ್ರತಿ ಮೆಟ್ಟಿಲನ್ನೂ ಒತ್ತಿಸಿ ಕೇಳಿ; ಎಲ್ಲಿಯೂ ಜೀರುಂಡೆಯಂತೆ ಗುಂಯ್‌ಗುಡಬಾರದು. ತೆಳು ತಂತಿಗಳನ್ನೇ ಕೇಳಿ. ಮಗು ಚಿಕ್ಕದಾದರೆ ಗಿಡ್ಡ ದಂಡಿಯದು ಲೇಸು. ಮನೆಯಲ್ಲಿ ಅಭ್ಯಾಸಕ್ಕೆ 10 ವ್ಯಾಟಿನ ಆಂಪ್ಲಿಫಯರ್ ಧಾರಾಳವಾಯಿತು. ಕಿವಿಗೆ ಹಾಕುವ ಹೆಡ್‌ಫೋನಿಗೆ ಅದರಲ್ಲಿ ತೂತಿರಲಿ. ಅಜ್ಜನ ನಿದ್ದೆಯೂ ಉಳಿಯುತ್ತದೆ.

ಇನ್ನು, ಎಲ್ಲಕ್ಕಿಂತ ಮುಖ್ಯವಾದ ಮಾತು. ಗಿಟಾರಿನ ತಂತಿಗಳು ಸಾಮಾನ್ಯವಾಗಿ ವೈರಿನ ಮೂಲಕ ಆಂಪ್ಲಿಫಯರಿನ ಲೋಹದ ಒಡಲಿಗೂ, ಅಲ್ಲಿಂದ ಪ್ಲಗ್ಗಿನ ಮೂರನೆಯ ಕಡ್ಡಿಗೂ ಸೇರಿರುತ್ತವೆ. ಆ ಕಡ್ಡಿಗೆ ಅರ್ಥಿಂಗ್ ಇಲ್ಲದೆ, ಒಳಗೆಲ್ಲೋ ವಿದ್ಯುತ್ತು ಸೋರಿದರೆ, ಅದು ಬರುವುದು ತಂತಿ ಹಿಡಿದ ಮಗುವಿನ ಕೈಗೆ. ನಮ್ಮದೋ ಆಷಾಢದಲ್ಲಿ ನೆಲವೇ ಬೆವರುವ ಸೀಮೆ. ನೆರೆಮನೆಯ ಹಳೆಯ ಸಾಕೆಟ್ಟನ್ನು ಬಿಚ್ಚಿಸಿದಾಗ ಮೂರನೆಯ ತೂತಿಗೆ ವೈರೇ ಇರಲಿಲ್ಲ! ಗಿಟಾರಿಗಿಂತ ಮೊದಲು ಅರ್ಥಿಂಗ್ ಗುಂಡಿ ತೋಡಿಸಿದೆವು. ಸೋರಿಕೆಯಾದರೆ ತಾನಾಗಿ ಕಡಿಯುವ 30 ಮಿಲಿಆಂಪಿಯರಿನ ಸ್ವಿಚ್ಚನ್ನೂ ಹಾಕಿಸಿದೆವು. ಅಷ್ಟಾದರೂ ಕೊಂಡದ್ದು ಬ್ಯಾಟರಿಯಿಂದ ನಡೆಯುವ ಆಂಪ್ಲಿಫಯರನ್ನೇ. ಮಳೆಗಾಲದಲ್ಲಿ ನಮ್ಮ ಕರೆಂಟಿನ ಗುಣ ನಿಮಗೆ ಗೊತ್ತಲ್ಲ. ಚಾರ್ಜಿಗೆ ಹಾಕಿದ್ದಾಗ ನುಡಿಸಕೂಡದು, ಗುಡುಗಿದರೆ ಪ್ಲಗ್ ಕೀಳಬೇಕು ಎಂದು ಹುಡುಗಿಗೆ ತಾಕೀತು ಮಾಡಿದ್ದೇವೆ.

ನುಡಿಸಿದ ಮೇಲೆ ಒಣಬಟ್ಟೆಯಿಂದ ತಂತಿ ಒರೆಸದಿದ್ದರೆ ನಮ್ಮಲ್ಲಿ ಬೇಗ ತುಕ್ಕು. ಹಾಗೆಂದು ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಕಾವಿಗೆ ದಂಡಿ ಬಾಗೀತು.

ಗಿಟಾರ್ ತರಲು ಹುಬ್ಬಳ್ಳಿಗೆ ಹೋದ ದಿನ, ತಮ್ಮನ ಮಗನ ಹಳೆಯದನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಅಂಗಡಿಯವರು ಸಣ್ಣ ಕೀಲಿಯೊಂದನ್ನು ತಿರುಗಿಸಿ ತಂತಿಗಳನ್ನು ಇಳಿಸಿಕೊಟ್ಟರು. ಅರ್ಧ ಗಂಟೆಯೂ ಹಿಡಿಯಲಿಲ್ಲ.