ಗಾಬರಿ ಕಾಯಿಲೆಗೂ ಚಿಕಿತ್ಸೆಯಿದೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಶಾಲೆಯ ನೆನಪುಗಳನ್ನು ಗೆಳೆಯರು ಆಗಲೇ ಚೆನ್ನಾಗಿ ಹೇಳಿದ್ದಾರೆ. ನಾನು ಆರು ವರ್ಷ ಮುಚ್ಚಿಟ್ಟಿದ್ದ ಒಂದು ವಿಷಯ ಹೇಳುತ್ತೇನೆ.

ಒಂದು ಸಂಜೆ ಹಾಸನದಿಂದ ಬೇಲೂರು ಬಸ್ಸಿನಲ್ಲಿ ಊರಿಗೆ ಬರುತ್ತಿದ್ದೆ. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳತೊಡಗಿತು, ಕೈಕಾಲು ನಡುಗಿದವು, ಉಸಿರು ಕಟ್ಟಿದಂತಾಯಿತು. ಸತ್ತೇ ಹೋಗುತ್ತೇನೆ ಅನ್ನಿಸಿ ದಾರಿಯಲ್ಲೇ ಇಳಿದುಬಿಟ್ಟೆ. ಇಸಿಜಿ, ರಕ್ತ ಪರೀಕ್ಷೆ ಎಲ್ಲ ಸರಿಯಾಗಿತ್ತು. "ಏನೂ ಇಲ್ಲ, ಧೈರ್ಯವಾಗಿರಿ" ಎಂದು ಕಳಿಸಿದರು. ಅವ್ವ ತಾಯಿತ ಕಟ್ಟಿಸಿದಳು. ಆದರೂ ಅದು ಮತ್ತೆ ಮತ್ತೆ ಬಂತು. ಮೊದಲು ಬಸ್ಸು ಬಿಟ್ಟೆ, ಆಮೇಲೆ ಸಂತೆ ಬಿಟ್ಟೆ. ತಂಗಿಯ ಧಾರೆಯ ಹೊತ್ತಿನಲ್ಲಿ ಛತ್ರದ ಹಿಂದೆ ಒಬ್ಬನೇ ನಿಂತಿದ್ದೆ. ನೆಂಟರು ಸೊಕ್ಕು ಅಂದರು. ನಿಜ ಹೇಳಿದರೆ ಹುಚ್ಚ ಅಂದಾರು ಎಂದು ಸುಮ್ಮನಾದೆ.

ಕೊನೆಗೆ ಮನೋವೈದ್ಯರೊಬ್ಬರು ಬಿಡಿಸಿ ಹೇಳಿದರು. ಹಾವು ಕಂಡರೆ ದೇಹ ಓಡಲು ಸಿದ್ಧವಾಗುತ್ತದೆ, ಎದೆಬಡಿತ ಏರುತ್ತದೆ. ಹಾವಿಲ್ಲದಾಗಲೂ ಹಾಗೇ ಆಗುತ್ತಿದ್ದರೆ ಅದು ಆತಂಕದ ಕಾಯಿಲೆ. ಇಂಥ ಗಾಬರಿ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಜೋರಾಗಿ, ಆಮೇಲೆ ತಾನೇ ಇಳಿಯುತ್ತದೆ. ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ.

ನನಗೆ ಚಿಕಿತ್ಸೆ ಎರಡು ಬಗೆಯದಾಯಿತು. ಒಂದು ಮಾತ್ರೆ. ಅದರ ಗುಣ ಕಾಣಲು ಕೆಲವು ವಾರ ಬೇಕು. ವಾಸಿಯಾಯಿತೆಂದು ನಾವೇ ನಿಲ್ಲಿಸಬಾರದು, ವೈದ್ಯರೇ ನಿಧಾನವಾಗಿ ಕಡಿಮೆ ಮಾಡುತ್ತಾರೆ. ಇನ್ನೊಂದು, ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ ಅಭ್ಯಾಸ. ಮೊದಲು ನಿಂತ ಬಸ್ಸಿನಲ್ಲಿ ಕುಳಿತೆ. ಆಮೇಲೆ ಒಂದು ಸ್ಟಾಪು, ನಂತರ ಹಳೇಬೀಡು, ಕೊನೆಗೆ ಹಾಸನ. ನಾನು ಇಳಿಯಬಾರದು, ಗಾಬರಿ ಇಳಿಯಬೇಕು, ಇಷ್ಟೇ ನಿಯಮ.

ಇದು ನನ್ನೊಬ್ಬನ ಕಥೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ, ವಯಸ್ಕರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಎದೆನೋವು ಬಂದರೆ ಮೊದಲು ಹೃದಯದ ಪರೀಕ್ಷೆ ಮಾಡಿಸಲೇಬೇಕು, ಥೈರಾಯ್ಡ್ ಕೂಡ ನೋಡಿಸಬೇಕು. ಅವು ಸರಿಯಿದ್ದರೆ "ಏನೂ ಇಲ್ಲ" ಎಂದು ಕೈಬಿಡಬೇಡಿ. ಕುಡಿತಕ್ಕೂ ಅಂಗಡಿಯ ನಿದ್ದೆ ಮಾತ್ರೆಗೂ ಮೊರೆಹೋಗಬೇಡಿ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಗುರುಗಳಲ್ಲಿ ಒಂದು ವಿನಂತಿ. ಪರೀಕ್ಷೆ ಹತ್ತಿರವಾದಾಗಲೆಲ್ಲ ಹೊಟ್ಟೆನೋವೆಂದು ಶಾಲೆ ತಪ್ಪಿಸುವ ಮಗುವನ್ನು ಗದರಿಸುವ ಮೊದಲು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ.

ತಂಗಿಯ ಧಾರೆಯನ್ನು ನಾನು ನೋಡಲಿಲ್ಲ, ಅದು ಇನ್ನು ಸಿಗುವುದಿಲ್ಲ. ಆದರೆ ಇವತ್ತು ಈ ಸಮಾರಂಭಕ್ಕೆ ಹಾಸನದಿಂದ ಅದೇ ಬೇಲೂರು ಬಸ್ಸಿನಲ್ಲಿ, ನಿಂತುಕೊಂಡೇ ಬಂದೆ. ನಿಮ್ಮ ಮನೆಯಲ್ಲೂ ಹೀಗೆ ಹಿಂದೆ ಉಳಿದವರಿದ್ದರೆ ಕರೆದುಕೊಂಡು ಹೋಗಿ ತೋರಿಸಿ.