ಸಹಾಯಧನ ಯಾರಿಗೆ ಸಲ್ಲುತ್ತದೆ?

(ಬೆಂಗಳೂರಿನ ಜಯನಗರದಲ್ಲಿ ರೈತರು ಮತ್ತು ಗ್ರಾಹಕರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ರಾಗಿಯ ಬೇಸಾಯವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಇಲ್ಲಿಗೆ ಕರೆದಿದ್ದರು. ಆದರೆ ಬೆಳಿಗ್ಗೆ ತರಕಾರಿ ಮಳಿಗೆಯ ಮುಂದೆ ನಡೆದ ಒಂದು ಮಾತುಕತೆಯನ್ನು ಕೇಳಿದ ಮೇಲೆ, ಅಧ್ಯಕ್ಷರ ಅಪ್ಪಣೆ ಪಡೆದು ವಿಷಯವನ್ನು ಬದಲಾಯಿಸಿಕೊಂಡಿದ್ದೇನೆ. ನಿವೃತ್ತ ನೌಕರರೊಬ್ಬರು ಸೊಪ್ಪು ಮಾರುತ್ತಿದ್ದ ರೈತರಿಗೆ, "ನಾವು ತೆರಿಗೆ ಕಟ್ಟುತ್ತೇವೆ, ನೀವು ಸಬ್ಸಿಡಿ ತಿನ್ನುತ್ತೀರಿ, ಆದರೂ ಕಂತೆಗೆ ಇಷ್ಟು ಬೆಲೆಯೇ?" ಎಂದರು. ಅದಕ್ಕೆ ಆ ರೈತರು, "ಸಾರಕ್ಕಿ ಕೆರೆ ಹಿಂದೆ ನಮ್ಮ ತಾತ ರಾಗಿ ಬಿತ್ತುತಿದ್ದ ಹೊಲ ಇತ್ತು ಸ್ವಾಮಿ. ಅದನ್ನ ಯಾವ ಲೆಕ್ಕದಲ್ಲಿ ಬರ್ಕೋತೀರಿ?" ಎಂದು ಕೇಳಿದರು. ಇಬ್ಬರಲ್ಲೂ ಕೋಪವಿರಲಿಲ್ಲ, ವ್ಯಾಪಾರವೂ ಆಯಿತು. ಆದರೆ ಎರಡು ಪ್ರಶ್ನೆಗಳೂ ಉತ್ತರವಿಲ್ಲದೆ ಉಳಿದವು.

ನಾನು ಬೇಸಾಯ ಶಾಸ್ತ್ರದವನು, ಅರ್ಥಶಾಸ್ತ್ರದವನಲ್ಲ. ಆದರೂ ಇಪ್ಪತ್ತು ವರ್ಷಗಳಿಂದ ರೈತರಿಗೆ ಗೊಬ್ಬರದ ಪ್ರಮಾಣ ಹೇಳುತ್ತಾ ಬಂದವನಿಗೆ ಸಹಾಯಧನದ ಲೆಕ್ಕವು ದಿನವೂ ಎದುರಾಗುತ್ತದೆ. ಒಂದು ಚೀಲ ಯೂರಿಯಾ, ಅಂದರೆ 45 ಕಿಲೋ, ರೈತರಿಗೆ 266 ರೂಪಾಯಿ 50 ಪೈಸೆಗೆ ದೊರೆಯುತ್ತದೆ. ಅದನ್ನು ತಯಾರಿಸುವ ಅಥವಾ ಹೊರದೇಶದಿಂದ ತರಿಸುವ ಖರ್ಚು ಇದರ ಹಲವು ಪಟ್ಟು ಇರುತ್ತದೆ. ಉಳಿದ ಹಣವನ್ನು ಕೇಂದ್ರ ಸರ್ಕಾರವು ಕಂಪನಿಗೆ ಕೊಡುತ್ತದೆ. 1977ರಲ್ಲಿ ಈ ಏರ್ಪಾಡು ಆರಂಭವಾದಾಗಿನಿಂದ ಹಣ ಸಂದಾಯವಾಗುವುದು ಕಾರ್ಖಾನೆಗೆ, ಹೆಸರು ಬರುವುದು ರೈತನಿಗೆ. ಇದು ಸಹಾಯಧನವೇ, ಅನುಮಾನವಿಲ್ಲ. ಅದರಿಂದ ಕೆಡುಕೂ ಆಗಿದೆ. 2010ರ ಏಪ್ರಿಲ್‌ನಲ್ಲಿ ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆಯನ್ನು ಸಡಿಲಿಸಿ ಯೂರಿಯಾದ ಬೆಲೆಯನ್ನು ಮಾತ್ರ ಹಿಡಿದಿಟ್ಟದ್ದರಿಂದ, ನಮ್ಮ ರೈತರು ಅಗ್ಗವಾದದ್ದನ್ನು ಹೆಚ್ಚು ಸುರಿದು ಪೊಟ್ಯಾಷನ್ನು ಕೈಬಿಟ್ಟರು. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಏನೇ ಬರೆದಿರಲಿ, ಅಂಗಡಿಯ ಬೆಲೆಪಟ್ಟಿಯೇ ಶಿಫಾರಸು ಮಾಡುವಂತಾಗಿದೆ.

10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ಕರ್ನಾಟಕದಲ್ಲಿ ಕೊಡುವ ಉಚಿತ ವಿದ್ಯುತ್ತೂ ಸಹಾಯಧನವೇ. ಕೊಳವೆ ಬಾವಿ ಇಲ್ಲದ ಮಳೆಯಾಶ್ರಿತ ರೈತನಿಗೆ ಅದರಿಂದ ಒಂದು ಪೈಸೆಯೂ ಇಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು.

ಇಲ್ಲಿಯವರೆಗೆ ನಗರದ ಮಿತ್ರರು ತಲೆಯಾಡಿಸುತ್ತಿದ್ದೀರಿ. ಈಗ ನನ್ನ ಮನೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ.

ಬನಶಂಕರಿಯಲ್ಲಿ ಸಾಲ ಮಾಡಿ ಒಂದು ಮನೆ ಕೊಂಡಿದ್ದೇನೆ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ, ಸ್ವಂತ ವಾಸದ ಮನೆಯ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ ಆದಾಯದಿಂದ ಕಳೆಯಬಹುದು. ನನ್ನಂತೆ ಶೇಕಡಾ 30ರ ಹಂತದಲ್ಲಿರುವವನಿಗೆ ಇದರಿಂದ 60,000 ರೂಪಾಯಿ ತೆರಿಗೆ ಉಳಿಯುತ್ತದೆ. ಸೆಸ್ ಸೇರಿಸಿದರೆ 62,400. ಕೆಳಗಿನ ಹಂತದಲ್ಲಿರುವ ಗುಮಾಸ್ತರು ಅಷ್ಟೇ ಬಡ್ಡಿ ಕಟ್ಟಿದರೂ ಅವರಿಗೆ ಉಳಿಯುವುದು ಇದಕ್ಕಿಂತ ಕಡಿಮೆ. ತೆರಿಗೆಯ ಮಿತಿಯೊಳಗೇ ಇರುವ ಮನೆಗೆಲಸದ ಹೆಣ್ಣುಮಗಳಿಗೆ ಏನೂ ಇಲ್ಲ. ಆದಾಯ ಏರಿದಷ್ಟೂ ನೆರವು ಏರುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ದೊಡ್ಡ ಹಿಡುವಳಿದಾರರಿಗೆ ಹೆಚ್ಚು ರಿಯಾಯಿತಿ, ಸಣ್ಣವರಿಗೆ ಕಡಿಮೆ ಎಂದು ಫಲಕ ಹಾಕಿದರೆ ಜನ ಸುಮ್ಮನಿರುತ್ತಾರೆಯೇ?

ನನ್ನ ಅಣ್ಣ ಮಾಗಡಿ ಕಡೆ ಎರಡು ಎಕರೆಯಲ್ಲಿ ಮಳೆಯಾಶ್ರಿತ ರಾಗಿ ಬೆಳೆಯುತ್ತಾನೆ. ಕೊಳವೆ ಬಾವಿ ಇಲ್ಲ. ಅವನಿಗೆ ಪಿ.ಎಂ. ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ, ಬಿತ್ತನೆ ಬೀಜದಲ್ಲಿ ಸ್ವಲ್ಪ ರಿಯಾಯಿತಿ, ಎರಡು ಚೀಲ ಯೂರಿಯಾದ ಮೇಲಿನ ನೆರವು ದೊರೆಯುತ್ತದೆ. ಎಲ್ಲವನ್ನೂ ಕೂಡಿಸಿದರೂ ನನ್ನ 62,400ರ ಹತ್ತಿರ ಬರುವುದಿಲ್ಲ. ಆದರೆ ಸಹಾಯಧನದ ಫಲಾನುಭವಿ ಎಂಬ ಹೆಸರು ಅವನಿಗೆ, ತೆರಿಗೆದಾರ ಎಂಬ ಹೆಸರು ನನಗೆ. ಹಬ್ಬಕ್ಕೆ ಹೋದಾಗ ಈ ಲೆಕ್ಕವನ್ನು ಅವನಿಗೆ ಹೇಳಿದೆ. "ಹಂಗಾದ್ರೆ ಈ ಸಲ ಗೊಬ್ಬರದ ದುಡ್ಡು ನೀನೇ ಕೊಡಪ್ಪ" ಎಂದ.

"ಅದು ನನ್ನ ದುಡಿಮೆಯ ಹಣ. ಸರ್ಕಾರ ನನ್ನಿಂದ ತೆಗೆದುಕೊಳ್ಳದೆ ಬಿಟ್ಟದ್ದು ಕೊಡುಗೆ ಹೇಗಾದೀತು?" ಎಂದು ಕೆಲವರು ಕೇಳಬಹುದು. ಇದು ತಳ್ಳಿಹಾಕುವಂಥ ಪ್ರಶ್ನೆಯಲ್ಲ. ಸಮಾನ ಸಂಬಳದ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬರು ಬಾಡಿಗೆ ಮನೆಯಲ್ಲಿ, ಇನ್ನೊಬ್ಬರು ಸಾಲದ ಮನೆಯಲ್ಲಿ. ಇಬ್ಬರೂ ಒಂದೇ ರಸ್ತೆಯಲ್ಲಿ ನಡೆಯುತ್ತಾರೆ. ಎರಡನೆಯವರು 60,000 ಕಡಿಮೆ ಕಟ್ಟಿದರೆ ಆ ಕೊರತೆಯನ್ನು ಬೇರೆಯವರು ತುಂಬಬೇಕು, ಇಲ್ಲವೇ ಸರ್ಕಾರ ಸಾಲ ಮಾಡಬೇಕು. ಇಬ್ಬರಿಂದಲೂ ಪೂರ್ತಿ ತೆರಿಗೆ ವಸೂಲು ಮಾಡಿ, ಎರಡನೆಯವರಿಗೆ 60,000ದ ಚೆಕ್ ಕಳುಹಿಸಿದ್ದರೆ ಬೊಕ್ಕಸದ ಸ್ಥಿತಿ ಏನಾಗುತ್ತಿತ್ತೋ, ಈಗಲೂ ಅದೇ ಆಗಿದೆ. ಅಮೆರಿಕದ ಖಜಾನೆ ಇಲಾಖೆಯಲ್ಲಿದ್ದ ಸ್ಟಾನ್ಲಿ ಸರ್ರೆ ಎಂಬವರು 1967ರಲ್ಲಿ ಈ ಬಗೆಯ ರಿಯಾಯಿತಿಗಳಿಗೆ 'ತೆರಿಗೆ ವೆಚ್ಚ' ಎಂಬ ಹೆಸರನ್ನು ಬಳಕೆಗೆ ತಂದರು. ನಮ್ಮ ಕೇಂದ್ರ ಸರ್ಕಾರವೂ 2006-07ರ ಆಯವ್ಯಯದಿಂದ, ರಿಯಾಯಿತಿಗಳ ಮೂಲಕ ಬಿಟ್ಟುಕೊಟ್ಟ ವರಮಾನದ ಪಟ್ಟಿಯನ್ನು ಪ್ರಕಟಿಸುತ್ತಿದೆ. ವಿಶ್ವ ವ್ಯಾಪಾರ ಸಂಸ್ಥೆಯ ಸಹಾಯಧನ ಒಪ್ಪಂದದಲ್ಲಂತೂ, ಸಲ್ಲಬೇಕಾದ ವರಮಾನವನ್ನು ಸರ್ಕಾರ ಬಿಟ್ಟುಕೊಡುವುದೂ ಹಣಕಾಸಿನ ನೆರವೇ ಎಂದು ಸ್ಪಷ್ಟವಾಗಿ ಬರೆದಿದೆ.

ಹಾಗೆಂದು ತೆರಿಗೆಯಲ್ಲಿ ಕಳೆಯುವುದೆಲ್ಲವೂ ಸಹಾಯಧನವಲ್ಲ. ಇಲ್ಲಿಯೇ ಹಲವರು ಎಡವುತ್ತಾರೆ. ಅಣ್ಣ 60,000 ರೂಪಾಯಿಗೆ ರಾಗಿ ಮಾರಿ, ಅದಕ್ಕಾಗಿ 40,000 ಖರ್ಚು ಮಾಡಿದ್ದರೆ ಅವನ ಆದಾಯ 20,000 ಮಾತ್ರ. ಬೀಜ, ಗೊಬ್ಬರ, ಕೂಲಿಯನ್ನು ಕಳೆಯುವುದು ಆದಾಯವನ್ನು ಸರಿಯಾಗಿ ಅಳೆಯುವ ಕ್ರಮ. ಹಗೇವಿಗೆ ಹಾಕುವ ಮುನ್ನ ಹೊಟ್ಟು ತೂರಿದಂತೆ. ಜಯನಗರದ ಅಂಗಡಿಯವರು ತಾವು ಕೊಂಡ ಸರಕಿನ ಬೆಲೆಯನ್ನು ಕಳೆಯುವುದೂ ಹಾಗೆಯೇ. ಗಳಿಸುವುದಕ್ಕಾಗಿ ಮಾಡಿದ ಖರ್ಚು ಒಂದು, ಸರ್ಕಾರಕ್ಕೆ ಮೆಚ್ಚಿಗೆಯಾದ ಕೆಲಸ ಮಾಡಿದ್ದಕ್ಕೆ ಕೊಡುವ ರಿಯಾಯಿತಿ ಇನ್ನೊಂದು.

ಎರಡೂ ಒಂದೇ ಕಾನೂನಿನಲ್ಲಿ ಬೆರೆತಿದ್ದ ಉದಾಹರಣೆ ಇದೆ. 2010-11ರಿಂದ ಕೆಲವು ವರ್ಷ, ಜೈವಿಕ ತಂತ್ರಜ್ಞಾನ ಹಾಗೂ ತಯಾರಿಕಾ ಕಂಪನಿಗಳು ತಮ್ಮ ಮಾನ್ಯತೆ ಪಡೆದ ಸಂಶೋಧನಾಲಯಗಳಲ್ಲಿ 100 ರೂಪಾಯಿ ಖರ್ಚು ಮಾಡಿದರೆ ಆದಾಯದಲ್ಲಿ 200 ರೂಪಾಯಿ ಕಳೆಯಬಹುದಾಗಿತ್ತು. ಮೊದಲ ನೂರು ನಿಜವಾದ ಖರ್ಚು, ಅದು ಸಹಾಯಧನವಲ್ಲ. ಎರಡನೆಯ ನೂರು ಯಾರೂ ಖರ್ಚು ಮಾಡದ ಹಣ. ಶೇಕಡಾ 30ರ ತೆರಿಗೆಯಂತೆ ಅದರಿಂದ ಉಳಿದ 30 ರೂಪಾಯಿಯನ್ನು ಜನರೇ ಕೊಟ್ಟಂತಾಯಿತು. 2017ರಲ್ಲಿ ಇದನ್ನು 150ಕ್ಕೆ, 2020ರಲ್ಲಿ 100ಕ್ಕೆ ಇಳಿಸಲಾಯಿತು. ನನ್ನ ಮನೆಸಾಲದ ಬಡ್ಡಿಯದೂ ಇಂಥದೇ ಕಥೆ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಸ್ವಂತ ವಾಸದ ಮನೆಯ ಬಡ್ಡಿಯ ಕಡಿತವಿಲ್ಲ. ಅದರ ಬದಲು ದರಗಳೇ ಕಡಿಮೆ.

ಈಗ ರೈತ ಬಾಂಧವರ ಕಡೆಗೆ ತಿರುಗುತ್ತೇನೆ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲವಲ್ಲ, ಅದು ಸಹಾಯಧನವಲ್ಲವೇ? 1886ರ ಆದಾಯ ತೆರಿಗೆ ಕಾಯಿದೆಯಲ್ಲಿಯೇ ಕೃಷಿ ಆದಾಯವನ್ನು ಹೊರಗಿಡಲಾಗಿತ್ತು. ನಮ್ಮ ಸಂವಿಧಾನವು ಅದರ ಮೇಲಿನ ತೆರಿಗೆಯನ್ನು ರಾಜ್ಯಗಳ ಅಧಿಕಾರಕ್ಕೆ ಬಿಟ್ಟಿದೆ. ಆದುದರಿಂದ ಕೇಂದ್ರವು ತನಗೆ ಸಲ್ಲದ ತೆರಿಗೆಯನ್ನು ಬಿಟ್ಟುಕೊಟ್ಟಿತೆಂದು ಹೇಳುವುದು ಕಷ್ಟ. ಎರಡು ಎಕರೆ ರಾಗಿಯವನು ಹೇಗೂ ತೆರಿಗೆಯ ಮಿತಿಗಿಂತ ಬಹಳ ಕೆಳಗಿದ್ದಾನೆ. ಈ ವಿನಾಯಿತಿಯಿಂದ ಅವನಿಗೆ ಲಾಭವಿಲ್ಲ. ಆದರೆ ಹೊಲದಿಂದಲೇ ವರ್ಷಕ್ಕೆ ಹಲವು ಹತ್ತು ಲಕ್ಷ ನಿವ್ವಳ ಆದಾಯವಿರುವ ದೊಡ್ಡ ತೋಟಗಾರರಿಗೆ ಇದು ದೊಡ್ಡ ರಿಯಾಯಿತಿಯೇ. ಬಡ ರೈತನನ್ನು ಮುಂದೆ ನಿಲ್ಲಿಸಿಕೊಂಡು ಅವರು ಅದನ್ನು ಅನುಭವಿಸುವುದು ನನಗೆ ಸರಿಕಾಣುವುದಿಲ್ಲ. ಹೀಗೆಂದರೆ ನಮ್ಮ ರೈತ ಮುಖಂಡರಿಗೆ ಬೇಸರವಾಗಬಹುದು, ಆಗಲಿ.

ಸರ್ಕಾರದ ಹಣದಿಂದ ನಡೆಯುವ ಕೆಲಸಗಳ ವಿಷಯ ಇನ್ನೂ ತೊಡಕಿನದು. ನಮ್ಮ ಮನೆಗಳಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಬೆಟ್ಟ ಹತ್ತಿ ಬರುತ್ತದೆ. ಅದರ ದರವನ್ನು 2014ರ ನಂತರ 2025ರ ಏಪ್ರಿಲ್‌ನಲ್ಲಿಯೇ ಏರಿಸಿದ್ದು. ನಡುವೆ ವಿದ್ಯುತ್ತಿನ ದರ ಹಲವು ಸಲ ಏರಿತ್ತು. ಖರ್ಚಿಗಿಂತ ಕಡಿಮೆ ದರದಲ್ಲಿ ಒಬ್ಬೊಬ್ಬರಿಗೆ ಅಳೆದು ಕೊಡುವ ನೀರಿನಲ್ಲಿ ಸಹಾಯಧನ ಇದ್ದೇ ಇದೆ. ಪಂಪ್‌ಸೆಟ್ಟಿನ ವಿದ್ಯುತ್ತಿಗೂ ಇದಕ್ಕೂ ಜಾತಿಯಲ್ಲಿ ಭೇದವಿಲ್ಲ. 2017ರಲ್ಲಿ ಜಯನಗರ, ಬನಶಂಕರಿಯ ಮೂಲಕ ಯಲಚೇನಹಳ್ಳಿಗೆ ಬಂದ ಮೆಟ್ರೋ, 2025ರ ಆಗಸ್ಟ್‌ನಲ್ಲಿ ಬಿ.ಟಿ.ಎಂ. ಬಡಾವಣೆಯ ಮೂಲಕ ಬೊಮ್ಮಸಂದ್ರಕ್ಕೆ ಹೋದ ಮೆಟ್ರೋ, ಎರಡರಲ್ಲಿಯೂ ಕೇಂದ್ರ ಹಾಗೂ ರಾಜ್ಯ ಸರ್ಕಾರಗಳ ಬಂಡವಾಳವಿದೆ. ಇದನ್ನು ನಾನು ರಸ್ತೆ, ಸೇತುವೆಗಳ ಸಾಲಿಗೆ ಸೇರಿಸುತ್ತೇನೆ. ಮೇಲೆ ಹೇಳಿದ ಒಪ್ಪಂದವೂ ಸಾಮಾನ್ಯ ಮೂಲಸೌಕರ್ಯವನ್ನು ಸಹಾಯಧನದಿಂದ ಹೊರಗಿಟ್ಟಿದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿರುವುದನ್ನು ಏನೆನ್ನಬೇಕು? ರೈತರಿಗೆ ಉಪಕಾರವೆಂದು ಕೆಲವರು ಹೇಳುತ್ತಾರೆ. ನಗರವು ತನ್ನ ಕೊಳಚೆಗೆ ದಾರಿ ಕಂಡುಕೊಂಡಿತೆಂದು ಕೋಲಾರದವರು ಹೇಳುತ್ತಾರೆ. ಇಬ್ಬರೂ ಸುಳ್ಳಾಡುತ್ತಿಲ್ಲ.

ನನ್ನ ಸಂಬಳವೂ ಸಾರ್ವಜನಿಕ ಹಣವೇ. ಕೃಷಿ ವಿಶ್ವವಿದ್ಯಾನಿಲಯದ ಸಂಶೋಧನೆ ರೈತರಿಗೆ ಕೊಡುವ ಸಹಾಯಧನವೇ? ಜಿ.ಪಿ.ಯು. 28 ರಾಗಿ ತಳಿಯನ್ನು ನೋಡಿ. ಬೆಂಕಿ ರೋಗವನ್ನು ತಡೆದುಕೊಳ್ಳುವ ಈ ತಳಿ ನಮ್ಮ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ಸಿದ್ಧವಾದದ್ದು. ರಾಗಿಯು ಸ್ವಪರಾಗಸ್ಪರ್ಶದ ಬೆಳೆಯಾದ್ದರಿಂದ ರೈತನು ತನ್ನ ಕಣದಿಂದಲೇ ಬೀಜ ಎತ್ತಿಟ್ಟುಕೊಳ್ಳಬಹುದು, ನೆರೆಯವನಿಗೂ ಕೊಡಬಹುದು. ಪ್ರತಿ ವರ್ಷ ಮಾರಲಾಗದ ಬೀಜದ ಮೇಲೆ ಯಾವ ಕಂಪನಿಯೂ ಹತ್ತು ವರ್ಷ ಹಣ ಹಾಕುವುದಿಲ್ಲ. ಒಬ್ಬರು ಬಿತ್ತಿದರೆ ಇನ್ನೊಬ್ಬರಿಗೆ ಕಡಿಮೆಯಾಗದ ಇಂಥ ವಸ್ತುವಿಗೆ ಸರ್ಕಾರವೇ ಹಣ ಕೊಡಬೇಕು. ಅದರಿಂದ ಹೆಚ್ಚಿದ ರಾಗಿ ಈ ಬಡಾವಣೆಯ ಮುದ್ದೆಗೂ ಬರುತ್ತದೆ. ಆದುದರಿಂದ ಸಂಶೋಧನೆಯನ್ನು ಸಹಾಯಧನವೆನ್ನಲು ನನಗೆ ಮನಸ್ಸಿಲ್ಲ. ಸಂಬಳ ತೆಗೆದುಕೊಳ್ಳುವವನ ಮಾತು ಇದು ಎಂದು ನೀವು ಸ್ವಲ್ಪ ರಿಯಾಯಿತಿ ಕಳೆದು ಕೇಳಬಹುದು!

ವ್ಯತ್ಯಾಸ ಇನ್ನೊಂದಿದೆ. ಗೊಬ್ಬರದ ಸಹಾಯಧನಕ್ಕೆ ಪ್ರತಿ ವರ್ಷ ಸಂಸತ್ತಿನಲ್ಲಿ ಹಣ ಮಂಜೂರಾಗಬೇಕು, ಪತ್ರಿಕೆಗಳಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚಾಗುತ್ತದೆ, ಜನ ಚರ್ಚಿಸುತ್ತಾರೆ. ತೆರಿಗೆ ರಿಯಾಯಿತಿಯು ಒಮ್ಮೆ ಕಾಯಿದೆಗೆ ಸೇರಿದರೆ ತೆಗೆದುಹಾಕುವವರೆಗೂ ಸದ್ದಿಲ್ಲದೆ ಮುಂದುವರಿಯುತ್ತದೆ. ಬಿಟ್ಟ ವರಮಾನದ ಪಟ್ಟಿ ಆಯವ್ಯಯದ ಕಡತಗಳ ಕೊನೆಯಲ್ಲಿರುತ್ತದೆ. ವಿಸ್ತರಣಾ ಕಾರ್ಯಕರ್ತರು ಒಮ್ಮೆಯಾದರೂ ಅದನ್ನು ಓದಬೇಕು.

ಸೊಪ್ಪಿನ ರೈತರು ಕೇಳಿದ ಪ್ರಶ್ನೆ ಉಳಿಯಿತು. ಜಯನಗರಕ್ಕೆ 1948ರಲ್ಲಿ ಅಡಿಗಲ್ಲು ಹಾಕಲಾಯಿತು. ಮೊದಲು ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್, 1976ರಿಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಸುತ್ತಲಿನ ಹಳ್ಳಿಗಳ ಜಮೀನನ್ನು ಸ್ವಾಧೀನ ಮಾಡಿಕೊಂಡು ಬಡಾವಣೆ ಮಾಡಿದವು. ಬಿ.ಟಿ.ಎಂ. ಎಂಬ ಹೆಸರಿನಲ್ಲಿಯೇ ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳಿವೆ. ನಿವೇಶನಗಳನ್ನು ಪೇಟೆಯ ಬೆಲೆಗಲ್ಲದೆ ಗೊತ್ತುಪಡಿಸಿದ ಬೆಲೆಗೆ ಹಂಚಲಾಯಿತು. ಹಂಚಿಕೆಯಾದ ಬೆಲೆಗೂ ಪೇಟೆಯ ಬೆಲೆಗೂ ಇದ್ದ ಅಂತರವು ನಿವೇಶನ ಪಡೆದವರಿಗೆ ಸಿಕ್ಕ ಸಹಾಯಧನವೆಂದೇ ನಾನು ಹೇಳುತ್ತೇನೆ. ಅದರ ಒಂದು ಭಾಗವನ್ನು ಕೊಟ್ಟದ್ದು ಬೊಕ್ಕಸವಲ್ಲ, ಅಂದಿನ ಸ್ವಾಧೀನ ದರಕ್ಕೆ ಹೊಲ ಬಿಟ್ಟುಕೊಟ್ಟ ಬೇಸಾಯಗಾರರು. ಆಯವ್ಯಯದ ಯಾವ ಪಟ್ಟಿಯಲ್ಲಿಯೂ ಅದು ಸೇರಿಲ್ಲ.

ಬೆಳಿಗ್ಗೆ ಪ್ರಶ್ನೆ ಕೇಳಿದ ಇಬ್ಬರೂ ಇಲ್ಲಿಯೇ ಕುಳಿತಿರುವುದನ್ನು ಕಾಣುತ್ತಿದ್ದೇನೆ. ನನ್ನ ಲೆಕ್ಕ ತಪ್ಪಿದ್ದರೆ ಅವರು ತಿದ್ದಬೇಕು. ರಾಗಿಯ ಬೇಸಾಯದ ಬಗ್ಗೆ ಕೇಳಬೇಕಾದದ್ದಿದ್ದರೆ ಊಟದ ನಂತರ ಇಲ್ಲಿಯೇ ಇರುತ್ತೇನೆ.